ಐದು ರೂಪಾಯಿಯ ರೊಟ್ಟಿಗೆ ಐದು ರೂಪಾಯಿ ಖರ್ಚು: ಒಂದು ಸಣ್ಣ ಉದ್ದಿಮೆಯ ಪ್ರಕರಣ ಅಧ್ಯಯನ

ಸಣ್ಣ ಉದ್ದಿಮೆ ಅಂದ ಕೂಡಲೇ ಮಾತು ಸಾಲ, ಸಬ್ಸಿಡಿ ಕಡೆ ಹೊರಳುತ್ತದೆ. ಈ ಪ್ರಕರಣವೂ ಶುರುವಾಗಿದ್ದು ಅಲ್ಲಿಂದಲೇ. ಧಾರವಾಡ ಸೀಮೆಯ ಒಂದು ತಾಲ್ಲೂಕು ಊರಿನಲ್ಲಿ ಜೋಳದ ರೊಟ್ಟಿ ಮಾಡಿ ಮಾರುವ ಒಬ್ಬ ಹೆಣ್ಣುಮಗಳು ರೊಟ್ಟಿ ಯಂತ್ರಕ್ಕೆ ಸಾಲ ಬೇಕು ಎಂದು ಬಂದರು. ಆ ಯಂತ್ರದ ಸಾಲ ಆಗಲಿಲ್ಲ. ಆಗದೇ ಇದ್ದದ್ದೇ ಅವರನ್ನು ಉಳಿಸಿತು ಎಂದು ನಾನು ನಂಬಿದ್ದೇನೆ. ಅದು ಹೇಗೆ ಎಂದು ಹೇಳುವುದೇ ಈ ಬರಹದ ಉದ್ದೇಶ.

ನಾನು ಸ್ವಉದ್ಯೋಗ ತರಬೇತಿಯ ಕೆಲಸದಲ್ಲಿ ಇರುವವಳು. ಆ ಹೆಣ್ಣುಮಗಳು, ಅವರ ಮಾರ್ಗದರ್ಶಕರು ಇಬ್ಬರೂ ಒಪ್ಪಿದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಊರು ಬಿಟ್ಟಿದ್ದೇನೆ. ಗುರುತು ಹತ್ತದಂತೆ ಕೆಲವು ವಿವರ ಬದಲಿಸಿದ್ದೇನೆ, ಅಂಕಿಗಳನ್ನು ದುಂಡಾಗಿ ಕೊಟ್ಟಿದ್ದೇನೆ. ಉದ್ದಿಮೆ ನಡೆಸುವವರನ್ನು ಇಲ್ಲಿ ‘ಅಕ್ಕ’ ಎಂದು ಕರೆಯುತ್ತೇನೆ. ಅವರ ಜೊತೆ ನಿಂತ ಮಾರ್ಗದರ್ಶಕರನ್ನು ‘ಕಾಕಾ’ ಎನ್ನುತ್ತೇನೆ. ಅಕ್ಕನೂ ಅವರನ್ನು ಹಾಗೇ ಕರೆಯುವುದು.

ಹಿನ್ನೆಲೆ

ಅಕ್ಕನಿಗೆ ಆಗ ನಲವತ್ತರ ಆಸುಪಾಸು. ಗಂಡ ಬಾಡಿಗೆ ಗೂಡ್ಸ್ ಆಟೋ ಓಡಿಸುತ್ತಾರೆ. ಇಬ್ಬರು ಮಕ್ಕಳು ಓದುತ್ತಿದ್ದಾರೆ. ಮೊದಮೊದಲು ಓಣಿಯ ಮದುವೆ, ಸೀಮಂತಕ್ಕೆ ರೊಟ್ಟಿ ಬಡಿದು ಕೊಡುತ್ತಿದ್ದರು. ಆಮೇಲೆ ಒಂದು ಖಾನಾವಳಿಯವರು ಕೇಳಿದರು, ಅದರ ಹಿಂದೆ ಎರಡು ಕಿರಾಣಿ ಅಂಗಡಿ ಬಂದವು. ಕೊನೆಗೆ ಒಂದು ಖಾಸಗಿ ಹಾಸ್ಟೆಲ್ ಸಿಕ್ಕಿತು. 2022ರ ಕೊನೆಗೆ ದಿನಕ್ಕೆ ಸುಮಾರು 600 ಖಡಕ್ ರೊಟ್ಟಿ ಮಾರಾಟವಾಗುತ್ತಿತ್ತು. ಅದರಲ್ಲಿ 300 ಹಾಸ್ಟೆಲ್‌ಗೆ, ಉಳಿದದ್ದು ಅಂಗಡಿ ಮತ್ತು ಖಾನಾವಳಿಗೆ.

ಕೆಲಸಕ್ಕೆ ಮೂವರು ಹೆಂಗಸರು ಬರುತ್ತಿದ್ದರು. ಬಡಿದ ರೊಟ್ಟಿಗೆ ಒಂದು ರೂಪಾಯಿ ಕೂಲಿ. ಬೆಳಿಗ್ಗೆ ಬಂದು ಮಧ್ಯಾಹ್ನದ ಹೊತ್ತಿಗೆ ಒಬ್ಬೊಬ್ಬರು 200ಕ್ಕೂ ಜಾಸ್ತಿ ಬಡಿಯುತ್ತಿದ್ದರು. ಹಿಟ್ಟು ನಾದುವುದು, ಒಣಗಿಸುವುದು, ಕಟ್ಟುವುದು, ಮುಟ್ಟಿಸುವುದು, ದುಡ್ಡು ಕೇಳುವುದು, ಎಲ್ಲ ಅಕ್ಕನ ಪಾಲು. ಬೆಳಿಗ್ಗೆ ಐದಕ್ಕೆ ಎದ್ದರೆ ರಾತ್ರಿ ಎಂಟಾದರೂ ಕೂರುವ ಹಾಗಿಲ್ಲ.

ಹೊರಗಿನಿಂದ ನೋಡಿದರೆ ವ್ಯಾಪಾರ ಚೆನ್ನಾಗಿಯೇ ಇತ್ತು. ಒಳಗೆ ಮಾತ್ರ ಎರಡು ಮೈಕ್ರೋ ಫೈನಾನ್ಸ್ ಸಾಲ, ಸ್ವಸಹಾಯ ಸಂಘದ ಸಾಲ, ಎಲ್ಲ ಸೇರಿ 1 ಲಕ್ಷ 10 ಸಾವಿರದಷ್ಟು ಹೊರೆ ಕೂತಿತ್ತು. ಯಾವುದೂ ಮದುವೆಗೋ ಕಾಯಿಲೆಗೋ ಮಾಡಿದ ಸಾಲ ಅಲ್ಲ. ಜೋಳ ತರಲು ಮಾಡಿದ್ದು, ಗ್ಯಾಸ್ ತರಲು ಮಾಡಿದ್ದು.

ಸಮಸ್ಯೆ ಎಂದು ಅವರು ಹೇಳಿದ್ದು

ಅಕ್ಕನ ಪ್ರಕಾರ ಸಮಸ್ಯೆ ಒಂದೇ: ರೊಟ್ಟಿ ಸಾಲುತ್ತಿಲ್ಲ. ಇನ್ನೂ ಜಾಸ್ತಿ ಮಾಡಿದರೆ ಜಾಸ್ತಿ ದುಡ್ಡು ಬರುತ್ತದೆ, ಅದಕ್ಕೆ ಯಂತ್ರ ಬೇಕು. ಈ ಮಾತನ್ನು ಅವರ ತಲೆಗೆ ತುಂಬಿದವನು ಯಂತ್ರ ಮಾರುವ ಒಬ್ಬ ಏಜೆಂಟ್. 7 ಲಕ್ಷದ ಕೊಟೇಷನ್ ಕೊಟ್ಟಿದ್ದ. ‘ಅರ್ಧ ಸರ್ಕಾರ ಕೊಡುತ್ತದೆ, ನಿಮಗೆ ಬೀಳುವುದು ಮೂರೂವರೆ ಲಕ್ಷ ಮಾತ್ರ’ ಎಂದಿದ್ದ. 20 ಸಾವಿರ ಮುಂಗಡವನ್ನೂ ಇಸಿದುಕೊಂಡಿದ್ದ.

ಅವನು ಹೇಳಿದ್ದರಲ್ಲಿ ಪೂರ್ತಿ ಸುಳ್ಳು ಇರಲಿಲ್ಲ. ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳಿಗೆಂದು ಕೇಂದ್ರ ಸರ್ಕಾರ 2020ರಲ್ಲಿ ತಂದ ಪಿಎಂಎಫ್‌ಎಂಇ ಯೋಜನೆಯಲ್ಲಿ ಯೋಜನಾ ವೆಚ್ಚದ ಶೇ 35ರಷ್ಟು, ಗರಿಷ್ಠ 10 ಲಕ್ಷದವರೆಗೆ ಸಹಾಯಧನ ಇತ್ತು. ಕರ್ನಾಟಕ ಸರ್ಕಾರ ಅದರ ಮೇಲೆ ಶೇ 15 ಸೇರಿಸುತ್ತಿತ್ತು. ಅಲ್ಲಿಗೆ ಅರ್ಧ ಆಯಿತು. ಆದರೆ ಏಜೆಂಟ್ ಹೇಳದೇ ಬಿಟ್ಟ ಸಂಗತಿಯೇ ದೊಡ್ಡದು. ಈ ಸಹಾಯಧನ ಕೈಗೆ ಬರುವುದಿಲ್ಲ. ಮೊದಲು ಬ್ಯಾಂಕ್ ಸಾಲ ಮಂಜೂರಾಗಬೇಕು. ಉದ್ದಿಮೆಯವರು ಕನಿಷ್ಠ ಶೇ 10 ತಮ್ಮ ಕೈಯಿಂದ ಹಾಕಬೇಕು. ಸಹಾಯಧನ ಸಾಲದ ಖಾತೆಗೆ ಹೊಂದಿಕೊಂಡಂತೆ ಬ್ಯಾಂಕಿನಲ್ಲೇ ಇರುತ್ತದೆ. ಕೊನೆಯ ಕಂತಿನ ಸಾಲ ಕೊಟ್ಟು ಮೂರು ವರ್ಷ ಆಗಬೇಕು. ಅಷ್ಟೂ ದಿನ ಸಾಲ ಸುಸ್ತಿಯಾಗಬಾರದು, ಘಟಕ ನಡೆಯುತ್ತಿರಬೇಕು. ಆಗ ಮಾತ್ರ ಅದು ಸಾಲಕ್ಕೆ ಜಮಾ ಆಗುತ್ತದೆ. ನಡುವೆ ಕೈ ಸೋತರೆ ಸಹಾಯಧನವೂ ಇಲ್ಲ, ಪೂರ್ತಿ ಸಾಲ ತಲೆ ಮೇಲೆ.

ಅಕ್ಕ ಸಾಲಕ್ಕೆ ಅರ್ಜಿ ಬರೆಸಲು ಬಂದಾಗ ನಾವು ಅವರನ್ನು ಕಾಕಾನ ಜೊತೆ ಕೂರಿಸಿದೆವು. ಕಾಕಾ ಹುಬ್ಬಳ್ಳಿಯಲ್ಲಿ ವರ್ಷಗಟ್ಟಲೆ ಬೇಕರಿ ನಡೆಸಿ, ಮಗನಿಗೆ ಒಪ್ಪಿಸಿ, ಬಿಡುವಾಗಿದ್ದವರು. ಬೇಗ ಕೆಡುವ ಮಾಲು, ಅಂಗಡಿಯ ಉದ್ರಿ, ವಾಪಸ್ ಬರುವ ಪ್ಯಾಕೆಟ್ಟು ಎಲ್ಲವನ್ನೂ ಮೈಮೇಲೆ ಹಾಕಿಕೊಂಡು ದಾಟಿದವರು. ಅವರನ್ನು ಆರಿಸಲು ಅದೇ ಕಾರಣ. ಮ್ಯಾನೇಜ್‌ಮೆಂಟ್ ಓದಿದವರು ನಮ್ಮಲ್ಲಿ ಇದ್ದರು. ಆದರೆ ಅಂಗಡಿಯವನು ‘ನಾಳೆ ಬಾ’ ಎಂದಾಗ ಏನು ಮಾಡಬೇಕು ಎಂದು ಕಂಡವರು ಇರಲಿಲ್ಲ.

ಒಂದು ರೊಟ್ಟಿಯ ಲೆಕ್ಕ

ಕಾಕಾ ಅರ್ಜಿ ಮುಟ್ಟಲಿಲ್ಲ. ಕೊಟೇಷನ್ ನೋಡಿ ಪಕ್ಕಕ್ಕಿಟ್ಟು ಒಂದೇ ಪ್ರಶ್ನೆ ಕೇಳಿದರು.

“ತಂಗಿ, ಒಂದ್ ರೊಟ್ಟಿಗೆ ಎಷ್ಟ್ ಬೀಳತೈತಿ?”

“ಒಂದಕ್ಕ ಯಾರ್ ಲೆಕ್ಕಾ ಹಾಕ್ತಾರ್ರಿ ಕಾಕಾ? ತಿಂಗಳಿಗೆ ಇಷ್ಟ್ ಚೀಲ ಜ್ವಾಳ, ಗ್ಯಾಸು, ಕೂಲಿ. ಬಂದದ್ರಾಗ ಕೊಡೋದು, ಉಳದದ್ದು ನಮ್ದು.”

“ಉಳದೈತೇನು?”

ಅಕ್ಕ ಸುಮ್ಮನಾದರು.

ಮುಂದಿನ ವಾರ ಕಾಕಾ ಒಂದು ಅಡುಗೆ ತಕ್ಕಡಿ ಹಿಡಿದು ಅಕ್ಕನ ಮನೆಗೆ ಹೋದರು. ಹಂಚಿನ ಪಕ್ಕ ಮಣೆ ಹಾಕಿಕೊಂಡು ಕೂತರು. ಒಂದು ಕೆಜಿ ಹಿಟ್ಟು ತೂಗಿ ಬೇರೆ ಬುಟ್ಟಿಗೆ ಹಾಕಿಸಿದರು. ಅದರಲ್ಲಿ ಎಷ್ಟು ರೊಟ್ಟಿ ಆಗುತ್ತದೆ ಎಂದು ಎಣಿಸಿದರು. 22 ಆದವು. ಜೋಳದ ಬೆಲೆ, ಗಿರಣಿಯ ದುಡ್ಡು, ಜರಡಿ ಹಿಡಿದಾಗ ಹೋಗುವ ತೌಡು ಎಲ್ಲ ಸೇರಿ ಹಿಟ್ಟು ಕೆಜಿಗೆ 55 ರೂಪಾಯಿ ಬೀಳುತ್ತಿತ್ತು. ಅಲ್ಲಿಗೆ ಒಂದು ರೊಟ್ಟಿಯ ಹಿಟ್ಟಿಗೆ 2.50. ಕೂಲಿ 1 ರೂಪಾಯಿ. ಗ್ಯಾಸು, ಕಟ್ಟಿಗೆ 50 ಪೈಸೆ. ಕಟ್ಟುವುದು, ಸಾಗಿಸುವುದು 60 ಪೈಸೆ. ಒಟ್ಟು 4.60.

“ನಲವತ್ತ್ ಪೈಸೆ ಉಳೀತಲ್ರಿ” ಎಂದರು ಅಕ್ಕ. ಹಾಸ್ಟೆಲ್‌ಗೆ ಅವರು ಕೊಡುತ್ತಿದ್ದದ್ದು 5 ರೂಪಾಯಿಗೆ.

ಕಾಕಾ ಮೂಲೆಯಲ್ಲಿದ್ದ ಒಡೆದ ರೊಟ್ಟಿಯ ಡಬ್ಬಿ ತೋರಿಸಿದರು. ಖಡಕ್ ರೊಟ್ಟಿ ಅಂದ ಮೇಲೆ ಒಡೆಯುತ್ತದೆ. ಒಣಗಿಸುವಾಗ, ಜೋಡಿಸುವಾಗ, ಆಟೋದಲ್ಲಿ ಕುಲುಕಿದಾಗ. ಒಂದು ವಾರ ಎಣಿಸಿ ಬರೆದಿಟ್ಟರು. ನೂರಕ್ಕೆ ಎಂಟು ಒಡೆಯುತ್ತಿದ್ದವು. ನೂರು ರೊಟ್ಟಿಗೆ 460 ಖರ್ಚು, ಮಾರಲು ಸಿಗುವುದು 92. ಒಂದಕ್ಕೆ ಸರಿಯಾಗಿ 5 ರೂಪಾಯಿ.

ಅಂದರೆ ಅರ್ಧ ವ್ಯಾಪಾರದಲ್ಲಿ ಉಳಿಯುತ್ತಿದ್ದದ್ದು ಸೊನ್ನೆ. ಅಕ್ಕನ ದಿನವಿಡೀ ದುಡಿಮೆಗೆ, ಮನೆಯ ಜಾಗಕ್ಕೆ, ಗಂಡನ ಆಟೋ ಸುತ್ತಾಟಕ್ಕೆ ಇನ್ನೂ ಒಂದು ಪೈಸೆ ಲೆಕ್ಕ ಹಿಡಿದಿರಲಿಲ್ಲ. ಅಂಗಡಿ, ಖಾನಾವಳಿಗೆ 6.50ರಂತೆ ಕೊಡುತ್ತಿದ್ದದ್ದರಲ್ಲಿ ಮಾತ್ರ ಒಂದೂವರೆ ರೂಪಾಯಿ ಉಳಿಯುತ್ತಿತ್ತು. ಅದನ್ನು ಸಾಲದ ಕಂತು ನುಂಗುತ್ತಿತ್ತು.

ಇನ್ನೊಂದು ಸಂಗತಿ ಅದೇ ದಿನ ಹೊರಬಿತ್ತು. ಹಾಸ್ಟೆಲ್‌ನವರು ದುಡ್ಡು ಕೊಡುತ್ತಿದ್ದದ್ದು ಮೂರು ತಿಂಗಳಿಗೊಮ್ಮೆ. ತಿಂಗಳಿಗೆ 39 ಸಾವಿರದಂತೆ 1 ಲಕ್ಷ 17 ಸಾವಿರ ಬಾಕಿ ನಿಂತಿತ್ತು. ಅಕ್ಕನ ಒಟ್ಟು ಸಾಲ ಎಷ್ಟಿತ್ತು? 1 ಲಕ್ಷ 10 ಸಾವಿರ. ಬಡ್ಡಿ ಕಟ್ಟಿ ಸಾಲ ತಂದು, ಲಾಭವಿಲ್ಲದ ಗಿರಾಕಿಗೆ ಬಡ್ಡಿಯಿಲ್ಲದೆ ಕೊಟ್ಟಂತಾಗಿತ್ತು. ಎರಡು ಅಂಕಿ ಅಕ್ಕಪಕ್ಕ ಬರೆದು ಕಾಕಾ ಪೆನ್ನು ಕೆಳಗಿಟ್ಟರಂತೆ. ಏನೂ ಹೇಳಲಿಲ್ಲವಂತೆ. ಅಕ್ಕನೇ ಆ ಹಾಳೆಯನ್ನು ಬಹಳ ಹೊತ್ತು ನೋಡಿ, “ಮಷೀನ್ ಬಂದಿದ್ರ ಇದನ್ನ ಇನ್ನೂ ಜಲ್ದಿ ಮಾಡ್ತಿದ್ನಿ” ಎಂದರು.

ಇಡೀ ಪ್ರಕರಣದ ಮೊದಲ ತಿರುವು ಇದು. ಯಂತ್ರ ಬೇಡ ಎಂದು ಕಾಕಾ ಹೇಳಿದ್ದರೆ ಅಕ್ಕ ಇನ್ನೊಬ್ಬರ ಹತ್ತಿರ ಹೋಗುತ್ತಿದ್ದರು. ಅರ್ಜಿ ಬರೆದುಕೊಡುವವರು ಬೇಕಾದಷ್ಟು ಜನ ಇದ್ದಾರೆ. ಲೆಕ್ಕವನ್ನು ಅವರ ಮನೆಯಲ್ಲಿ, ಅವರದೇ ಹಿಟ್ಟಿನಲ್ಲಿ, ಅವರ ಕೈಯಿಂದಲೇ ಬರೆಸಿದ್ದರಿಂದ ಅದು ಅವರ ತೀರ್ಮಾನ ಆಯಿತು. ಮುಂಗಡ ಕೊಟ್ಟ 20 ಸಾವಿರ ಮಾತ್ರ ಹೋದದ್ದೇ, ವಾಪಸ್ ಬರಲಿಲ್ಲ.

ಹಾಸ್ಟೆಲ್ ಬಿಡುವುದೋ, ಇಟ್ಟುಕೊಳ್ಳುವುದೋ

ಲೆಕ್ಕ ತಿಳಿಯುವುದು ಸುಲಭ. ತಿಳಿದ ಮೇಲೆ ನಡೆಯುವುದು ಕಷ್ಟ. ಹಾಸ್ಟೆಲ್ ಬಿಟ್ಟರೆ ಅರ್ಧ ಕೆಲಸ ಹೋಗುತ್ತದೆ. ಮೂವರು ಹೆಂಗಸರಲ್ಲಿ ಒಬ್ಬರು ಗಂಡ ತೀರಿಕೊಂಡವರು, ಈ ಕೂಲಿಯ ಮೇಲೇ ಮನೆ ನಡೆಸುವವರು. ಅಕ್ಕ ರಾತ್ರಿ ನಿದ್ದೆ ಬಿಟ್ಟರು. ಮೈದುನ, ‘ದೊಡ್ಡ ಗಿರಾಕಿನ ಯಾರಾದ್ರೂ ಬಿಡ್ತಾರೇನು’ ಎಂದು ಬೈದರು. ನಮ್ಮಲ್ಲೂ ಕೆಲವರಿಗೆ ಹಾಗೇ ಅನಿಸಿತ್ತು.

ಕಾಕಾ ‘ಬಿಡು’ ಎನ್ನಲಿಲ್ಲ, ‘ಇಟ್ಟುಕೋ’ ಎಂದೂ ಅನ್ನಲಿಲ್ಲ. ಆರು ವಾರದ ಒಂದು ಕೆಲಸ ಕೊಟ್ಟರು. ಹಾಸ್ಟೆಲ್‌ಗೆ ಈಗ ಏನೂ ಹೇಳಬೇಡ. ಅಷ್ಟರಲ್ಲಿ ಆ 300 ರೊಟ್ಟಿಗೆ ನಗದು ಕೊಡುವ ಬೇರೆ ಗಿರಾಕಿ ಹುಡುಕು. ಸಿಕ್ಕಷ್ಟು ಸಿಗಲಿ, ಆಮೇಲೆ ಕೂತು ಮಾತಾಡೋಣ.

ಅಕ್ಕ ಮಧ್ಯಾಹ್ನದ ಹೊತ್ತು ಗಂಡನ ಆಟೋದಲ್ಲಿ ಹೊರಟರು. ಹೆದ್ದಾರಿಯ ಒಂದು ಧಾಬಾ ಸಿಕ್ಕಿತು. ಎರಡು ಸಣ್ಣ ಖಾನಾವಳಿ ಸಿಕ್ಕವು. ಮದುವೆ ಅಡುಗೆ ಗುತ್ತಿಗೆ ಹಿಡಿಯುವ ಒಬ್ಬರು ಸಿಕ್ಕರು. ದಿನಕ್ಕೆ 160 ರೊಟ್ಟಿಗೆ ದಾರಿಯಾಯಿತು. 300 ಆಗಲಿಲ್ಲ. ಆದರೆ ಎಲ್ಲವೂ 6.50ಕ್ಕೆ, ಕೈಗೆ ಕೈ ದುಡ್ಡು.

ಅಷ್ಟಾದ ಮೇಲೆ ಅಕ್ಕ ಹಾಸ್ಟೆಲ್‌ಗೆ ಹೋಗಿ ಎರಡು ಮಾತು ಹೇಳಿದರು: ಇನ್ನು ಮುಂದೆ 6 ರೂಪಾಯಿ, ಹದಿನೈದು ದಿನಕ್ಕೊಮ್ಮೆ ಬಿಲ್ಲು. ಹಾಸ್ಟೆಲ್‌ನವರು ಒಪ್ಪಲಿಲ್ಲ. ಬೇರೆಯವರಿಂದ ತರಿಸಿಕೊಳ್ಳುತ್ತೇವೆ ಎಂದರು, ತರಿಸಿಕೊಂಡರು ಕೂಡ. ಆ ಒಂದು ತಿಂಗಳು ಎಲ್ಲರಿಗೂ ಬಿಸಿಯಾಗಿತ್ತು. ಇದ್ದ 460 ರೊಟ್ಟಿಯ ಕೆಲಸವನ್ನು ಮೂವರಿಗೂ ಹಂಚಿದರು. ಯಾರನ್ನೂ ಬಿಡಿಸಲಿಲ್ಲ. ಕಾಕಾ ಆ ತಿಂಗಳು ಪ್ರತಿ ವಾರ ತಪ್ಪದೆ ಬಂದರು. ಬಂದು ಮಾಡಿದ್ದೇನು? ಲೆಕ್ಕದ ಪುಸ್ತಕ ತೆರೆದು, ಕಮ್ಮಿ ರೊಟ್ಟಿ ಮಾರಿದರೂ ಕೈಯಲ್ಲಿ ಉಳಿದದ್ದು ಹೋದ ತಿಂಗಳಿಗಿಂತ ಜಾಸ್ತಿ ಇದೆ ಎಂದು ತೋರಿಸಿದರು. ಅಷ್ಟೇ. ಅಷ್ಟು ಸಾಕಾಗಿತ್ತು.

ಮಾರ್ಗದರ್ಶನ ಅಂದರೆ ಉಪದೇಶ ಅಂದುಕೊಂಡವರು ಈ ತಿಂಗಳನ್ನು ಗಮನಿಸಬೇಕು. ತೀರ್ಮಾನ ತೆಗೆದುಕೊಳ್ಳುವುದಕ್ಕೆ ಮುಂಚಿನ ಸಲಹೆಗಿಂತ, ತೆಗೆದುಕೊಂಡ ಮೇಲಿನ ಈ ನಾಲ್ಕು ವಾರ ಜೊತೆಗಿದ್ದದ್ದು ಹೆಚ್ಚು ಬೆಲೆಯದು. ಒಬ್ಬರೇ ಇದ್ದಿದ್ದರೆ ಎರಡನೇ ವಾರಕ್ಕೆ ಹಾಸ್ಟೆಲ್ ಬಾಗಿಲಿಗೆ ವಾಪಸ್ ಹೋಗುತ್ತಿದ್ದೆ ಎಂದು ಅಕ್ಕನೇ ನನ್ನ ಮುಂದೆ ಹೇಳಿದ್ದಾರೆ.

ತಿಂಗಳಾದ ಮೇಲೆ ಹಾಸ್ಟೆಲ್‌ನವರು ಫೋನ್ ಮಾಡಿದರು. ದಿನಕ್ಕೆ 150 ಬೇಕು, 6 ರೂಪಾಯಿ ಕೊಡುತ್ತೇವೆ ಎಂದರು. ಹಳೇ ಬಾಕಿ ನಾಲ್ಕು ಕಂತಿನಲ್ಲಿ 95 ಸಾವಿರ ಬಂತು. 22 ಸಾವಿರ ಇವತ್ತಿಗೂ ಬಂದಿಲ್ಲ.

ಈ 22 ಸಾವಿರದ ಬಗ್ಗೆ ಒಂದು ಮಾತು ಹೇಳಲೇಬೇಕು, ಬೇರೆಯವರಿಗೆ ಉಪಯೋಗವಾಗುತ್ತದೆ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ಕಿರು, ಸಣ್ಣ ಉದ್ದಿಮೆಯಿಂದ ಮಾಲು ಕೊಂಡವರು ಬರವಣಿಗೆಯ ಕರಾರು ಇಲ್ಲದಿದ್ದರೆ 15 ದಿನದೊಳಗೆ, ಇದ್ದರೂ ಹೆಚ್ಚೆಂದರೆ 45 ದಿನದೊಳಗೆ ದುಡ್ಡು ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಬೀಳುತ್ತದೆ. ಸರ್ಕಾರದ ಆನ್‌ಲೈನ್ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ಆದರೆ ಇದಕ್ಕೆಲ್ಲ ಉದ್ಯಮ್ ನೋಂದಣಿ, ಅಂದರೆ ಕಿರು, ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ ಬೇಕು. ಅಕ್ಕ ಆಗ ನೋಂದಣಿ ಮಾಡಿಸಿರಲಿಲ್ಲ. ನೋಂದಣಿಗೂ ಮೊದಲಿನ ಬಾಕಿಗೆ ಈ ಕಾಯ್ದೆ ಹಿಡಿದು ಹೋಗುವುದು ಕಷ್ಟ. ಉದ್ಯಮ್ ನೋಂದಣಿಗೆ ಒಂದು ರೂಪಾಯಿ ಶುಲ್ಕ ಇಲ್ಲ. ಆಧಾರ್ ಹಿಡಿದು ಆನ್‌ಲೈನಿನಲ್ಲಿ ಕೂತರೆ ಸ್ವಲ್ಪ ಹೊತ್ತಿನ ಕೆಲಸ. ವ್ಯಾಪಾರ ಶುರು ಮಾಡಿದ ದಿನವೇ ಮಾಡಿಸಬೇಕು. ಇದನ್ನು ಅಕ್ಕನಿಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ, ಅದೇ ಬೇಸರದ ವಿಷಯ.

ಕಾಕಾ ತಪ್ಪಿದ ಜಾಗ

ಎಲ್ಲವೂ ಕಾಕಾ ಹೇಳಿದಂತೆ ನಡೆದು ಚೆನ್ನಾಗಾಯಿತು ಎಂದು ಬರೆದರೆ ಅನ್ಯಾಯವಾಗುತ್ತದೆ.

ಅಂಗಡಿಗೆ ಕೊಡುವ ರೊಟ್ಟಿಯನ್ನು ಹತ್ತರ ಪ್ಯಾಕೆಟ್ ಮಾಡಿ, ಲೇಬಲ್ ಹಚ್ಚಿ ಮಾರೋಣ ಎಂದು ಕಾಕಾ ಹುರುಪಿನಿಂದ ಹೊರಟರು. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಆಯಿತು. ಆಗಿನ ನಿಯಮದಂತೆ ವರ್ಷದ ವಹಿವಾಟು 12 ಲಕ್ಷದೊಳಗೆ ಇದ್ದವರಿಗೆ ಬರೀ ನೋಂದಣಿ ಸಾಕು, ಶುಲ್ಕ ವರ್ಷಕ್ಕೆ 100 ರೂಪಾಯಿ. ಅಲ್ಲಿಯವರೆಗೆ ಸರಿ. ಎಡವಟ್ಟಾಗಿದ್ದು ಪ್ಯಾಕಿಂಗ್‌ನಲ್ಲಿ. ಬೇಕರಿಯ ರೂಢಿಯಂತೆ ಸಂಜೆಯೇ ಕಟ್ಟಿ ಸೀಲ್ ಮಾಡಿಸಿ, ಬೆಳಿಗ್ಗೆ ಅಂಗಡಿಗೆ ಕಳಿಸಿದರು. ನಾಲ್ಕೇ ದಿನಕ್ಕೆ ಪ್ಯಾಕೆಟ್ ಒಳಗೆ ಬೆವರು ಕಟ್ಟಿ ರೊಟ್ಟಿ ಮೆತ್ತಗಾಯಿತು. ಕೆಲವಕ್ಕೆ ಬೂಸ್ಟು ಬಂತು. ಒಂದು ಅಂಗಡಿಯವರು ಇಡೀ ಬುಟ್ಟಿ ವಾಪಸ್ ಕಳಿಸಿದರು.

ಕೆಲಸದವರಲ್ಲಿ ಹಿರಿಯರಾದ ಆಯಿ ಮೊದಲೇ ಗೊಣಗಿದ್ದರು, ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಈಗ ಅವರನ್ನು ಕೂರಿಸಿ ಕೇಳಿದರು. ಆಯಿ ಒಂದು ರೊಟ್ಟಿ ಎತ್ತಿ ನಡುಭಾಗಕ್ಕೆ ಉಗುರಿನಿಂದ ತಟ್ಟಿದರು. ಆಮೇಲೆ ಇನ್ನೊಂದನ್ನು ತಟ್ಟಿದರು. ಒಂದರ ಸದ್ದು ಟಣ್ ಎಂದು ಬಂತು, ಇನ್ನೊಂದರದ್ದು ಮಂದ. ಎರಡೂ ಕಣ್ಣಿಗೆ ಒಂದೇ ಥರ ಒಣಗಿದ್ದವು. “ಅಂಚು ಒಣಗಿರತೈತಿ, ನಡಕ ಹಸಿ ಇರತೈತಿ. ರಾತ್ರಿಯೆಲ್ಲಾ ಗಾಳಿಗೆ ನಿಲ್ಲಸ್ರಿ, ಮುಂಜಾನೆ ಬಡದು ನೋಡಿ ಕಟ್ರಿ” ಎಂದರು. ಅಂದಿನಿಂದ ರೊಟ್ಟಿ ರಾತ್ರಿಯೆಲ್ಲ ನಿಲ್ಲಿಸಿ ಆರಿಸುವುದು, ಬೆಳಿಗ್ಗೆ ಆಯಿ ತಟ್ಟಿ ನೋಡಿದ ಮೇಲೆಯೇ ಕಟ್ಟುವುದು ರೂಢಿಯಾಯಿತು. ಪ್ಯಾಕೆಟ್ ವಾಪಸ್ ಬರುವುದು ಬಹುಪಾಲು ನಿಂತಿತು. ಮಂದ ಸದ್ದಿನವು ಅವತ್ತೇ ತಿನ್ನುವ ಖಾನಾವಳಿಗೆ ಹೋದವು.

ಕಾಕಾನ ದೊಡ್ಡತನ ನನಗೆ ಕಂಡಿದ್ದು ಇಲ್ಲಿ. ‘ನನ್ನದು ಬ್ರೆಡ್ಡಿನ ಬುದ್ಧಿ, ರೊಟ್ಟಿದು ಆಯಿನೇ ಹೇಳಬೇಕು’ ಎಂದು ಎಲ್ಲರ ಮುಂದೆ ಒಪ್ಪಿಕೊಂಡರು. ಆಯಿಗೆ ತಟ್ಟಿ ನೋಡುವ ಕೆಲಸಕ್ಕೆ ದಿನಕ್ಕೆ ಬೇರೆ ಕೂಲಿ ಕೊಡಿಸಿದರು. ಹೊರಗಿನಿಂದ ಬಂದವರಿಗೆ ಲೆಕ್ಕ ಗೊತ್ತಿರಬಹುದು, ಮಾರುಕಟ್ಟೆ ಗೊತ್ತಿರಬಹುದು. ಕೈಕಸುಬು ಒಳಗಿನವರದ್ದೇ.

ಬರದ ವರ್ಷ

2023ರಲ್ಲಿ ರಾಜ್ಯಕ್ಕೆ ಬರ ಬಂತು. 236 ತಾಲ್ಲೂಕುಗಳಲ್ಲಿ 223ನ್ನು ಸರ್ಕಾರ ಬರಪೀಡಿತ ಎಂದು ಘೋಷಿಸಿತು. ಬಿಳಿಜೋಳ ತುಟ್ಟಿಯಾಯಿತು. ಅಕ್ಕ ಕೊಳ್ಳುತ್ತಿದ್ದ ಜೋಳ ಕೆಜಿಗೆ 15 ರೂಪಾಯಿ ಏರಿತು.

ಹಿಂದಿನ ಅಕ್ಕ ಆಗಿದ್ದರೆ ಇನ್ನೊಂದು ಸಂಘದ ಸಾಲ ತರುತ್ತಿದ್ದರು, ದರ ಏರಿಸಲು ಹೆದರುತ್ತಿದ್ದರು. ಈಗ ಅವರಿಗೆ ಒಂದು ರೊಟ್ಟಿಯ ಲೆಕ್ಕ ಬಾಯಿಗೆ ಬರುತ್ತಿತ್ತು. ಹಿಟ್ಟಿನ ಖರ್ಚು ರೊಟ್ಟಿಗೆ ಸುಮಾರು 70 ಪೈಸೆ ಏರಿದೆ, ಒಡೆಯುವುದು ಸೇರಿದರೆ ಇನ್ನೂ ಸ್ವಲ್ಪ ಜಾಸ್ತಿ. ಅದೇ ವಾರ ಎಲ್ಲ ಗಿರಾಕಿಗಳಿಗೂ ಹೋಗಿ 1 ರೂಪಾಯಿ ಏರಿಸಿದ್ದೇನೆ ಎಂದು ಹೇಳಿದರು. ಕಾಕಾನನ್ನು ಕೇಳಲೂ ಇಲ್ಲ, ಆಮೇಲೆ ಫೋನಿನಲ್ಲಿ ಹೇಳಿದರು. ಒಂದು ಖಾನಾವಳಿ ಬಿಟ್ಟುಹೋಯಿತು, ಉಳಿದವರು ಒಪ್ಪಿದರು.

ಆ ವರ್ಷದ ಸುಗ್ಗಿಯಲ್ಲಿ, ಬರ ಬರುವುದಕ್ಕೂ ಮೊದಲು, ಹಾಸ್ಟೆಲ್‌ನಿಂದ ಬಂದ ಹಳೇ ಬಾಕಿಯ ಒಂದು ಭಾಗದಲ್ಲಿ ಮಾಲ್ದಂಡಿ ಜೋಳ ಹಿಡಿದಿಟ್ಟಿದ್ದರು. ಹಿಂಗಾರಿ ಜೋಳ ಫೆಬ್ರುವರಿ, ಮಾರ್ಚ್ ಹೊತ್ತಿಗೆ ಕೈಗೆ ಬರುತ್ತದೆ, ಆಗ ದರ ಇಳಿದಿರುತ್ತದೆ ಎನ್ನುವುದು ಅವರಿಗೆ ಮೊದಲೂ ಗೊತ್ತಿತ್ತು. ಹಿಡಿದಿಡಲು ಕೈಯಲ್ಲಿ ದುಡ್ಡು ಇರುತ್ತಿರಲಿಲ್ಲ, ಅಷ್ಟೇ. ಆ ದಾಸ್ತಾನು ಬರದ ಮೊದಲ ಕೆಲವು ತಿಂಗಳು ದಾಟಿಸಿತು. ಮೈಕ್ರೋ ಫೈನಾನ್ಸ್ ಸಾಲ ಎರಡೂ ಆ ವರ್ಷದ ಕೊನೆಗೆ ತೀರಿದವು.

ಕೊನೆಗೂ ಬಂದ ಸಾಲ

2024ರ ಆರಂಭದಲ್ಲಿ ಪಿಎಂಎಫ್‌ಎಂಇ ಸಾಲದ ಅರ್ಜಿಯ ಮಾತು ಮತ್ತೆ ಬಂತು. ಈ ಸಲ ಪ್ರಶ್ನೆ ಬೇರೆ ಇತ್ತು. ಕಾಕಾ ಮೂವರು ಹೆಂಗಸರನ್ನೂ ಕೂರಿಸಿ, ದಿನದ ಕೆಲಸದಲ್ಲಿ ಯಾವುದು ಜಾಸ್ತಿ ಕಷ್ಟ ಎಂದು ಕೇಳಿದರು. ಬಡಿಯುವುದು ಎಂಬ ಉತ್ತರ ಬರುತ್ತದೆ ಎಂದು ನಾನು ಎಣಿಸಿದ್ದೆ. ಒಬ್ಬರೂ ಹಾಗೆ ಹೇಳಲಿಲ್ಲ. ಬಿಸಿನೀರು ಹಾಕಿ ಹಿಟ್ಟು ನಾದುವುದರಲ್ಲಿ ಭುಜ ಹೋಗುತ್ತದೆ ಎಂದರು. ಗಿರಣಿಯಲ್ಲಿ ಕರೆಂಟ್ ಇಲ್ಲದ ದಿನ ಕೆಲಸವೇ ತಪ್ಪುತ್ತದೆ ಎಂದರು. ಮಳೆಗಾಲದಲ್ಲಿ ರೊಟ್ಟಿ ನಿಲ್ಲಿಸಲು ಜಾಗವಿಲ್ಲ ಎಂದರು. ಖಾನಾವಳಿಯವರನ್ನು ಕೇಳಿದಾಗ, ಊಟಕ್ಕೆ ಬರುವವರು ಕೈಯಲ್ಲಿ ಬಡಿದ ರೊಟ್ಟಿಯನ್ನೇ ಕೇಳುತ್ತಾರೆ, ಯಂತ್ರದ್ದಾದರೆ ಅದೇ ದರ ಕೊಡುವುದಿಲ್ಲ ಎಂದರು.

ಹಾಗಾಗಿ 7 ಲಕ್ಷದ ಯಂತ್ರದ ಬದಲು 3 ಲಕ್ಷದ ಯೋಜನೆ ಆಯಿತು: ಒಂದು ಸಣ್ಣ ಗಿರಣಿ, ಹಿಟ್ಟು ನಾದುವ ಯಂತ್ರ, ಒಣಗಿಸುವ ಸ್ಟ್ಯಾಂಡುಗಳು, ಸೀಲ್ ಹಾಕುವ ಯಂತ್ರ. ಬಡಿಯುವ ಕೆಲಸ ಕೈಯಲ್ಲೇ ಉಳಿಯಿತು, ಮೂವರ ಕೂಲಿಯೂ ಉಳಿಯಿತು.

ಮೊದಲು ಹೋದ ಬ್ಯಾಂಕ್ ಶಾಖೆಯಲ್ಲಿ ಅರ್ಜಿ ನೋಡದೇ ವಾಪಸ್ ಕಳಿಸಿದರು. ಎರಡನೇ ಶಾಖೆಗೆ ಕಾಕಾ ಜೊತೆಗೆ ಹೋದರು, ಒಳಗೆ ಹೋಗಲಿಲ್ಲ. “ನಿನ್ನ ಅಂಗಡಿ, ನೀನೇ ಮಾತಾಡು” ಎಂದು ಹೊರಗೆ ಬೆಂಚಿನ ಮೇಲೆ ಕೂತರು. ಅಕ್ಕ ಒಳಗೆ ಹೋಗಿ ಯೋಜನಾ ವರದಿಯ ಜೊತೆ ತಮ್ಮ ಲೆಕ್ಕದ ಪುಸ್ತಕವನ್ನೂ ಮೇಜಿನ ಮೇಲಿಟ್ಟರು. ಇವತ್ತು ಬಂದದ್ದು, ಇವತ್ತು ಹೋದದ್ದು, ಇವತ್ತಿನ ಬಾಕಿ, ಇಷ್ಟೇ ಮೂರು ಅಂಕಣ. ಒಂದು ವರ್ಷ ಒಂದು ದಿನವೂ ಬಿಡದೆ ಬರೆದದ್ದು. ಮ್ಯಾನೇಜರ್ ವರದಿಯನ್ನು ಪಕ್ಕಕ್ಕಿಟ್ಟು ಆ ಪುಸ್ತಕವನ್ನೇ ಹಾಳೆ ಹಾಳೆಯಾಗಿ ತಿರುವಿದರಂತೆ. ಒಡೆದ ರೊಟ್ಟಿಗೆ ಬೇರೆ ಲೆಕ್ಕ ಯಾಕೆ ಎಂದು ಕೇಳಿದರಂತೆ. ಅಕ್ಕ ವಿವರಿಸಿದರು. ಸಾಲ ಮಂಜೂರಾಯಿತು.

ಈಗ ದಿನಕ್ಕೆ ಸುಮಾರು 900 ರೊಟ್ಟಿ ಹೋಗುತ್ತದೆ. ಕೂಲಿ ರೊಟ್ಟಿಗೆ ಒಂದೂಕಾಲು ರೂಪಾಯಿ ಆಗಿದೆ. ಹೊಸದಾಗಿ ಒಬ್ಬರು ಸೇರಿದ್ದಾರೆ. ಒಡೆಯುವುದು ನೂರಕ್ಕೆ ಐದಕ್ಕೆ ಇಳಿದಿದೆ. ಅಕ್ಕ ತಮಗೆ ತಿಂಗಳಿಗೆ 12 ಸಾವಿರ ಸಂಬಳ ಎಂದು ಖರ್ಚಿನ ಕಡೆ ಬರೆದುಕೊಳ್ಳುತ್ತಾರೆ, ಅದನ್ನು ಕಳೆದು ಉಳಿದದ್ದನ್ನು ಮಾತ್ರ ಲಾಭ ಎನ್ನುತ್ತಾರೆ. ನನಗೆ ಇಡೀ ಪ್ರಕರಣದಲ್ಲಿ ಅತಿ ಹೆಚ್ಚು ಖುಷಿ ಕೊಟ್ಟ ಸಾಲು ಇದು. ನಮ್ಮ ಹೆಣ್ಣುಮಕ್ಕಳು ನಡೆಸುವ ಎಷ್ಟೋ ಉದ್ದಿಮೆ ‘ಲಾಭ’ದಲ್ಲಿ ಇರುವುದು ಅವರ ದುಡಿಮೆಗೆ ಬೆಲೆ ಹಾಕದೇ ಇರುವುದರಿಂದ, ಅಲ್ವಾ?

ಇದರಿಂದ ನಮ್ಮ ವ್ಯವಸ್ಥೆಗೆ ಏನು

ಯೋಜನೆಗಳ ಕೊರತೆ ಇಲ್ಲ. ಕೊರತೆ ಇರುವುದು ಜೊತೆಗಿರುವವರದ್ದು. ಪಿಎಂಎಫ್‌ಎಂಇಯಲ್ಲಿ ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳು ಇದ್ದರು. ವರದಿ ಬರೆಯುವುದರಿಂದ ಹಿಡಿದು ನೋಂದಣಿಯವರೆಗೆ ಕೈ ಹಿಡಿದು ನಡೆಸುತ್ತಿದ್ದರು, ಅದು ದೊಡ್ಡ ಸಹಾಯವೇ. ಆದರೆ ಅವರ ಗೌರವಧನ ನಿಂತಿದ್ದದ್ದು ಎಷ್ಟು ಸಾಲ ಮಂಜೂರಾಯಿತು ಎನ್ನುವುದರ ಮೇಲೆ. ಅಂಥ ಏರ್ಪಾಟಿನಲ್ಲಿ ‘ಈಗ ಸಾಲ ಬೇಡ, ಒಂದು ವರ್ಷ ತಡಿ’ ಎಂದು ಯಾರು ಹೇಳುತ್ತಾರೆ? ಹೇಳಿದವರ ಹೊಟ್ಟೆಗೇ ಕಲ್ಲು ಬೀಳುತ್ತದೆ. ಅಕ್ಕನಿಗೆ ಬೇಕಾಗಿದ್ದದ್ದು ಅದೇ ಮಾತು. ಅದನ್ನು ಲೆಕ್ಕದಿಂದ ತೋರಿಸಲು ಸಾಧ್ಯವಾಗಿದ್ದು, ಸಾಲ ಆದರೂ ಆಗದಿದ್ದರೂ ಕಾಕಾನಿಗೆ ಬರುವುದೂ ಇರಲಿಲ್ಲ, ಹೋಗುವುದೂ ಇರಲಿಲ್ಲ ಎಂಬ ಕಾರಣಕ್ಕೆ.

ನಮ್ಮ ನೆಲದಲ್ಲಿ ಇದಕ್ಕೆ ಒಳ್ಳೆಯ ಮಾದರಿ ಇದೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆ ತರಬೇತಿ ಕೊಟ್ಟು ಕಳಿಸುವುದಷ್ಟನ್ನೇ ಮಾಡದೆ, ಆಮೇಲೆ ಅಭ್ಯರ್ಥಿಗಳ ಬೆನ್ನು ಹತ್ತಿ ವಿಚಾರಿಸುವ ಪದ್ಧತಿ ಬೆಳೆಸಿತು. ಅದೇ ಮಾದರಿಯಲ್ಲಿ ಈಗ ಜಿಲ್ಲೆಗಳಲ್ಲಿ ನಡೆಯುವ ಆರ್‌ಸೆಟಿಗಳಲ್ಲಿ (ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಲ್ಲಿ) ತರಬೇತಿಯ ನಂತರ ಎರಡು ವರ್ಷ ಅನುಸರಣೆ ಇರಬೇಕು ಎಂಬ ನಿಯಮವೇ ಇದೆ. ಆ ಎರಡು ವರ್ಷ ಅಂದಾಜಿನ ಮೇಲೆ ಇಟ್ಟದ್ದಲ್ಲ ಎಂದು ಅಕ್ಕನ ಪ್ರಕರಣ ನೋಡಿದರೆ ತಿಳಿಯುತ್ತದೆ. ಲೆಕ್ಕ ಕಲಿಯಲು ಎರಡು ತಿಂಗಳು ಸಾಕಾಯಿತು. ಗಿರಾಕಿ ಬದಲಿಸಲು ಅರ್ಧ ವರ್ಷ ಬೇಕಾಯಿತು. ಬೆಲೆ ಏರಿಕೆಯ ಒಂದು ವರ್ಷ, ಸಾಲದ ಒಂದು ಅರ್ಜಿ ದಾಟುವ ತನಕ ಯಾರಾದರೂ ಬೇಕಿತ್ತು. ಆದರೆ ಅನುಸರಣೆ ಅಂದರೆ ‘ಉದ್ದಿಮೆ ನಡೀತಿದೆಯಾ’ ಎಂದು ಫೋನಿನಲ್ಲಿ ಕೇಳಿ ಟಿಕ್ ಹಾಕುವುದಾದರೆ ಪ್ರಯೋಜನವಿಲ್ಲ. 2022ರಲ್ಲಿ ಯಾರಾದರೂ ಅಕ್ಕನಿಗೆ ಹಾಗೆ ಫೋನ್ ಮಾಡಿದ್ದರೆ, ‘ಹ್ಞೂಂ, ಚಲೋ ನಡದೈತ್ರಿ’ ಎಂದೇ ಉತ್ತರ ಬರುತ್ತಿತ್ತು.

ಪ್ರತಿ ತಾಲ್ಲೂಕಿನಲ್ಲೂ ವ್ಯಾಪಾರ ಮಾಡಿ ಬಿಡುವಾದ ಹಿರಿಯರು ಇದ್ದಾರೆ. ಹೋಟೆಲ್ ನಡೆಸಿದವರು, ಪ್ರಿಂಟಿಂಗ್ ಪ್ರೆಸ್ ನಡೆಸಿದವರು, ಬಟ್ಟೆ ಅಂಗಡಿ ಇಟ್ಟವರು. ಕೇಳಿದರೆ ಬರುತ್ತಾರೆ. ಅವರ ಬಸ್ ಚಾರ್ಜು, ಊಟ, ಒಂದಿಷ್ಟು ಗೌರವಧನಕ್ಕೆ ಯೋಜನೆಯಲ್ಲೇ ದುಡ್ಡು ಎತ್ತಿಡಬೇಕು. ಅದು ಮಂಜೂರಾದ ಸಾಲಕ್ಕಲ್ಲ, ಜೊತೆಗಿದ್ದ ತಿಂಗಳುಗಳಿಗೆ ಸಿಗಬೇಕು. ಒಂದು ಘಟಕಕ್ಕೆ ಕೊಡುವ ಸಹಾಯಧನದ ಮುಂದೆ ಆ ಖರ್ಚು ಬಹಳ ಸಣ್ಣದು. ಕಾಕಾ ಎರಡು ವರ್ಷ ಸ್ವಂತ ದುಡ್ಡಿನಲ್ಲಿ ಓಡಾಡಿದರು. ಎಲ್ಲ ಕಡೆ ಅಂಥವರು ಸಿಗುತ್ತಾರೆ ಎಂದು ಕೂತರೆ ಆಗುವುದಿಲ್ಲ.

ಕಾಕಾ ಈಗ ವಾರಕ್ಕೊಮ್ಮೆ ಹೋಗುವುದಿಲ್ಲ, ತಿಂಗಳಿಗೊಮ್ಮೆ ಫೋನ್ ಮಾಡುತ್ತಾರೆ. ಸಹಾಯಧನ ಸಾಲಕ್ಕೆ ಜಮಾ ಆಗಲು 2027ರವರೆಗೆ ಕಾಯಬೇಕು, ಕಂತು ಇದುವರೆಗೆ ತಪ್ಪಿಲ್ಲ. ರೊಟ್ಟಿಯ ಜೊತೆ ಶೇಂಗಾ ಚಟ್ನಿಪುಡಿಯನ್ನೂ ಪ್ಯಾಕ್ ಮಾಡಿ ಮಾರಬೇಕು ಎನ್ನುವುದು ಅಕ್ಕನ ಹೊಸ ಯೋಚನೆ. ಐದು ಕೆಜಿ ಶೇಂಗಾ ಹುರಿದು, ಸಿಪ್ಪೆ ತೆಗೆದು ತೂಗಿದ್ದಾರೆ. ತೂಕ ಎಷ್ಟು ಇಳಿಯಿತು ಎಂದು ಪುಸ್ತಕದಲ್ಲಿ ಬರೆದುಕೊಂಡಿದ್ದಾರೆ. ದರ ಇನ್ನೂ ಗೊತ್ತು ಮಾಡಿಲ್ಲ.